ಮೊದಲು ಕೈ, ಆಮೇಲೆ ಬ್ಯಾಟು: ಟೆಸ್ಟ್ ತಂಡಕ್ಕೆ ವಿಕೆಟ್ ಕೀಪರ್ ಆರಿಸುವ ಪ್ರಶ್ನೆ

1990ರ ಜುಲೈ, ಲಾರ್ಡ್ಸ್ ಅಂಗಳ. ಟಾಸ್ ಗೆದ್ದ ಭಾರತದ ನಾಯಕ ಅಜರುದ್ದೀನ್ ಇಂಗ್ಲೆಂಡಿಗೆ ಬ್ಯಾಟಿಂಗ್ ಬಿಟ್ಟುಕೊಟ್ಟಿದ್ದರು. ಆರಂಭ ಆಟಗಾರ ಗ್ರಹಾಂ ಗೂಚ್ 36 ರನ್ ಗಳಿಸಿದ್ದಾಗ ಸಂಜೀವ್ ಶರ್ಮಾ ಅವರ ಎಸೆತವೊಂದು ಬ್ಯಾಟಿನ ಅಂಚು ಸವರಿ ಕೀಪರ್ ಕಿರಣ್ ಮೋರೆ ಅವರ ಗ್ಲೌಸಿಗೆ ಬಂದು ಜಾರಿ ಕೆಳಗೆ ಬಿತ್ತು. ಗೂಚ್ ಕೊನೆಗೆ ಔಟಾದಾಗ ಅವರ ಹೆಸರಿನ ಮುಂದೆ 333 ರನ್ ಇತ್ತು. ಜೀವದಾನ ಸಿಕ್ಕ ಮೇಲೆ ಬಂದ ರನ್ 297. ಪಂದ್ಯವನ್ನು ಭಾರತ ಸೋತದ್ದು 247 ರನ್‌ಗಳಿಂದ.

ಮೋರೆ ಸಾಮಾನ್ಯ ಕೀಪರ್ ಅಲ್ಲ. 1988ರ ಜನವರಿಯಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ನರೇಂದ್ರ ಹಿರ್ವಾನಿ ಪದಾರ್ಪಣೆಯಲ್ಲೇ 16 ವಿಕೆಟ್ ಕಿತ್ತ ಪಂದ್ಯದಲ್ಲಿ ಅವರು 6 ಸ್ಟಂಪಿಂಗ್ ಮಾಡಿದ್ದರು, ಅದರಲ್ಲಿ 5 ಒಂದೇ ಇನಿಂಗ್ಸಿನವು. ಅಂಥ ಕೈಗಳಿಂದಲೂ ಒಂದು ಕ್ಯಾಚ್ ತಪ್ಪಿದರೆ ಬೆಲೆ ಎಷ್ಟಾಗುತ್ತದೆ ಎಂಬುದಕ್ಕೆ ಲಾರ್ಡ್ಸ್ ಸಾಕ್ಷಿ. ಕೀಪರ್ ಹೊಡೆದ ರನ್ ಅವನ ಹೆಸರಿನ ಮುಂದೆ ದಾಖಲಾಗುತ್ತದೆ. ಅವನು ಕೈಬಿಟ್ಟ ಕ್ಯಾಚಿನಿಂದ ಬಂದ ರನ್ ಎದುರಾಳಿ ಬ್ಯಾಟರನ ಖಾತೆಗೆ ಸೇರಿಹೋಗುತ್ತದೆ. ಕೀಪರ್ ಆಯ್ಕೆಯ ಚರ್ಚೆಯೆಲ್ಲ ದಾರಿ ತಪ್ಪುವುದು ಇಲ್ಲಿಯೇ. ಕಣ್ಣಿಗೆ ಕಾಣುವ ಲೆಕ್ಕವನ್ನು ಹಿಡಿದುಕೊಂಡು, ಕಾಣದ ಲೆಕ್ಕವನ್ನು ನಾವು ಮರೆಯುತ್ತೇವೆ.

ಕೈ ಚೆನ್ನಾಗಿರುವವನನ್ನು ಆರಿಸಬೇಕೆ, ಬ್ಯಾಟು ಚೆನ್ನಾಗಿರುವವನನ್ನೆ? ಸ್ವದೇಶಕ್ಕೊಬ್ಬ, ವಿದೇಶಕ್ಕೊಬ್ಬ ಎಂಬ ಏರ್ಪಾಡು ಸರಿಯೆ? ಒಳ್ಳೆಯ ಬ್ಯಾಟರ್ ಕೈಗೇ ಗ್ಲೌಸ್ ಕೊಟ್ಟುಬಿಟ್ಟರೆ ಆಗದೆ? ಈ ಪ್ರಶ್ನೆಗಳಿಗೆ ಕ್ರಿಕೆಟ್ ಚರಿತ್ರೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದೆ. ಆ ಉತ್ತರಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡುವ ಪ್ರಯತ್ನ ಇದು.

ಕೆಲಸದ ಕಷ್ಟ

ಟೆಸ್ಟ್ ಪಂದ್ಯದ ಒಂದು ದಿನದಲ್ಲಿ 90 ಓವರ್, ಅಂದರೆ 540 ಎಸೆತ. ಕೀಪರ್ ಅಷ್ಟೂ ಸಲ ಕುಕ್ಕರುಗಾಲಿನಲ್ಲಿ ಕೂತು ಏಳಬೇಕು. ಬೌಲರುಗಳು ಬದಲಾಗುತ್ತಾರೆ, ಸ್ಲಿಪ್‌ನಲ್ಲಿರುವವರು ಚೆಂಡುಗಳ ನಡುವೆ ಮನಸ್ಸು ಸಡಿಲಿಸಬಹುದು. ಕೀಪರನಿಗೆ ಆ ಸೌಲಭ್ಯ ಇಲ್ಲ. ಪ್ರತಿ ಎಸೆತವೂ ತನ್ನ ಕೈಗೇ ಬರುತ್ತದೆ ಎಂದು ಅವನು ನಂಬಿ ಕೂರಬೇಕು.

ಭಾರತದ ಪಿಚ್‌ನಲ್ಲಿ ನಾಲ್ಕನೇ ದಿನ ಸ್ಪಿನ್ನರ್ ಬೌಲ್ ಮಾಡುವಾಗ ಕೀಪರನ ಮೊಣಕಾಲುಗಳನ್ನು ಗಮನಿಸಿ. ಚೆಂಡು ಪಿಚ್ಚಿಗೆ ಬೀಳುವವರೆಗೂ ಒಳ್ಳೆಯ ಕೀಪರ್ ಏಳುವುದಿಲ್ಲ. ಚೆಂಡು ಎಷ್ಟು ಪುಟಿಯುತ್ತದೋ ಅಷ್ಟೇ, ಅದರ ಜೊತೆಜೊತೆಗೇ ಏಳುತ್ತಾನೆ. ಬೆರಳುಗಳು ನೆಲದ ಕಡೆ, ಅಂಗೈ ತೆರೆದು, ಮೊಣಕೈ ಸಡಿಲ. ಅರೆಕ್ಷಣ ಮೊದಲೇ ಎದ್ದುಬಿಟ್ಟವನಿಗೆ ನೆಲಕಚ್ಚಿ ಬಂದ ಚೆಂಡು ಸಿಗುವುದಿಲ್ಲ, ಕಾಲ ಸಂದಿಯಲ್ಲಿ ಹೋಗಿ ಬೈ ಆಗುತ್ತದೆ. ಲೆಗ್ ಸೈಡಿನ ಸ್ಟಂಪಿಂಗ್ ಇನ್ನೂ ಕಷ್ಟ. ಚೆಂಡು ಬ್ಯಾಟರನ ಮೈ ಹಿಂದೆ ಮರೆಯಾಗುತ್ತದೆ. ಕಾಣದ ಚೆಂಡು ಎಲ್ಲಿ ಹೊರಬೀಳುತ್ತದೆ ಎಂದು ಊಹಿಸಿ ಪಾದ ಮೊದಲು ಸರಿಯಬೇಕು, ಆಮೇಲೆ ಕೈ. ಇದನ್ನು ಬಲೆಯ ಅಭ್ಯಾಸದಲ್ಲಿ ಒಂದಷ್ಟು ಕಲಿಯಬಹುದು. ಉಳಿದದ್ದು ವರ್ಷಗಟ್ಟಲೆ ಒಳ್ಳೆಯ ಸ್ಪಿನ್ನರುಗಳ ಬೌಲಿಂಗಿಗೆ ಕೀಪ್ ಮಾಡಿದರೆ ಮಾತ್ರ ಬರುತ್ತದೆ.

ಇಂಗ್ಲೆಂಡಿನ ಕಷ್ಟ ಬೇರೆ ಥರದ್ದು. ಅಲ್ಲಿ ಡ್ಯೂಕ್ಸ್ ಚೆಂಡು ಬ್ಯಾಟನ್ನು ದಾಟಿದ ಮೇಲೂ ಗಾಳಿಯಲ್ಲಿ ತೂರಾಡುತ್ತದೆ. ಎಡಕ್ಕೆ ಬರುತ್ತಿದ್ದದ್ದು ಕೊನೆಯ ಗಳಿಗೆಯಲ್ಲಿ ಬಲಕ್ಕೆ ವಾಲುತ್ತದೆ. ಲಾರ್ಡ್ಸ್‌ನಲ್ಲಂತೂ ಅಂಗಳವೇ ಇಳಿಜಾರು. ಆಸ್ಟ್ರೇಲಿಯದ ಪಿಚ್‌ಗಳಲ್ಲಿ ಪುಟಿತ ಹೆಚ್ಚು, ಆದರೆ ನಂಬಬಹುದಾದ ಪುಟಿತ. ಚೆಂಡು ಎದೆಮಟ್ಟಕ್ಕೆ ಶುದ್ಧವಾಗಿ ಬಂದು ಸೇರುತ್ತದೆ. ಹೀಗಾಗಿ ಒಂದು ದೇಶದಲ್ಲಿ ಮೆಚ್ಚುಗೆ ಪಡೆದ ಕೀಪರ್ ಇನ್ನೊಂದು ದೇಶದಲ್ಲಿ ತಡವರಿಸಿದರೆ ಅವನು ಕೆಟ್ಟವನು ಎಂದು ಹೇಳಲಾಗದು. ಹಾಗೆಯೇ ಕೀಪಿಂಗನ್ನು ಎಲ್ಲ ಕಡೆಯೂ ಒಂದೇ ಅಳತೆಗೋಲಿನಲ್ಲಿ ಅಳೆಯಲೂ ಆಗದು.

ನಾಟ್ ಮತ್ತು ಟೇಲರ್

ಬ್ಯಾಟು ಮತ್ತು ಗ್ಲೌಸಿನ ಜಗಳ ಹಳೆಯದು. ಇಂಗ್ಲೆಂಡಿನ ಲೆಸ್ ಏಮ್ಸ್ ಎರಡನೇ ಮಹಾಯುದ್ಧಕ್ಕೆ ಮೊದಲೇ 47 ಟೆಸ್ಟ್‌ಗಳಲ್ಲಿ 8 ಶತಕ ಹೊಡೆದು, 40ಕ್ಕಿಂತ ಮೇಲಿನ ಸರಾಸರಿ ಇಟ್ಟುಕೊಂಡಿದ್ದರು. ಆದರೆ ಅವರು ಅಪವಾದ. ಬಹುಕಾಲ ತಂಡಗಳು ಕೀಪರನಿಂದ ಕೇಳಿದ್ದು ಕೀಪಿಂಗ್ ಮಾತ್ರ, ರನ್ ಬಂದರೆ ಲಾಭ ಎಂಬಂತೆ.

ಅಲನ್ ನಾಟ್ ಮತ್ತು ಬಾಬ್ ಟೇಲರ್ ಒಂದೇ ಕಾಲದಲ್ಲಿ ಇಂಗ್ಲೆಂಡಿಗೆ ಸಿಕ್ಕಾಗ ಈ ಪ್ರಶ್ನೆ ಎದುರಿಗೇ ಬಂದು ನಿಂತಿತು. ಸ್ಟಂಪಿನ ಹಿಂದೆ ಟೇಲರ್ ಅವರಷ್ಟು ಶುದ್ಧ ಕೈ ಇನ್ನೊಬ್ಬರದಿಲ್ಲ ಎನ್ನುವವರು ಬಹಳ ಮಂದಿ. ಪ್ರಥಮ ದರ್ಜೆ ಕ್ರಿಕೆಟಿನಲ್ಲಿ 1649 ಬಲಿಗಳ ವಿಶ್ವದಾಖಲೆ ಅವರದು. ಆದರೆ ಟೆಸ್ಟ್‌ನಲ್ಲಿ ಅವರ ಬ್ಯಾಟಿಂಗ್ ಸರಾಸರಿ 16 ದಾಟಿದ್ದು ಅಷ್ಟಕ್ಕಷ್ಟೆ, ಶತಕ ಒಂದೂ ಇಲ್ಲ. ನಾಟ್ 5 ಶತಕಗಳೊಂದಿಗೆ 32ರ ಮೇಲಿನ ಸರಾಸರಿಯಲ್ಲಿ ರನ್ ಗಳಿಸಿದವರು, ಕೀಪಿಂಗ್‌ನಲ್ಲೂ ಅಗ್ರಗಣ್ಯರು. ಇಂಗ್ಲೆಂಡ್ ನಾಟ್ ಅವರನ್ನು ಆರಿಸಿತು. 1977ರಲ್ಲಿ ನಾಟ್ ಕೆರಿ ಪ್ಯಾಕರ್ ಸರಣಿಗೆ ಹೋದ ಮೇಲಷ್ಟೇ, 36ನೇ ವಯಸ್ಸಿನಲ್ಲಿ, ಟೇಲರ್‌ಗೆ ಕಾಯಂ ಸ್ಥಾನ ಸಿಕ್ಕಿತು. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ನಾಟ್ ಗೆದ್ದದ್ದು ಕೀಪಿಂಗ್ ಬಾರದ ಬ್ಯಾಟರ್ ಆಗಿ ಅಲ್ಲ. ಇಬ್ಬರೂ ಉತ್ತಮ ಕೀಪರುಗಳೇ ಆಗಿದ್ದಾಗ ಬ್ಯಾಟು ತೀರ್ಮಾನ ಮಾಡಿತು.

ಟೇಲರ್ ಹೆಸರು ಕನ್ನಡಿಗರಿಗೆ ಇನ್ನೊಂದು ಕಾರಣಕ್ಕೆ ಗೊತ್ತು. 1980ರ ಫೆಬ್ರುವರಿಯಲ್ಲಿ ಬೊಂಬಾಯಿಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ಅಂಪೈರ್ ಅವರನ್ನು ಔಟ್ ಎಂದರು. ನಾಯಕ ಜಿ.ಆರ್. ವಿಶ್ವನಾಥ್ ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನವಿ ಹಿಂತೆಗೆದು ವಾಪಸ್ ಕರೆಸಿದರು. ವಿಶಿಯ ದೊಡ್ಡತನದ ಕಥೆಯಾಗಿ ಇದನ್ನು ನಾವೆಲ್ಲ ಕೇಳುತ್ತ ಬಂದಿದ್ದೇವೆ. ಕೀಪರ್ ಆಯ್ಕೆಯ ದೃಷ್ಟಿಯಿಂದಲೂ ಆ ಪಂದ್ಯವನ್ನು ಓದಬಹುದು. 58ಕ್ಕೆ 5 ವಿಕೆಟ್ ಕಳೆದುಕೊಂಡಿದ್ದ ಇಂಗ್ಲೆಂಡಿಗೆ ಇಯಾನ್ ಬಾಥಮ್ ಜೊತೆ ಟೇಲರ್ 171 ರನ್ ಜೊತೆಯಾಟ ಕೊಟ್ಟರು. ಅವರ ಪಾಲು 43. ಅದೇ ಪಂದ್ಯದಲ್ಲಿ ಅವರು ಹಿಡಿದ ಕ್ಯಾಚ್ 10. ಭಾರತ 10 ವಿಕೆಟ್‌ಗಳಿಂದ ಸೋತಿತು. ಶತಕ ಹೊಡೆಯದ ಕೀಪರ್ ಕೂಡ ಪಂದ್ಯ ಗೆಲ್ಲಿಸಬಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಗಿಲ್‌ಕ್ರಿಸ್ಟ್ ಬದಲಿಸಿದ ಲೆಕ್ಕ

1999ರ ನವೆಂಬರಿನಲ್ಲಿ ಇಯಾನ್ ಹೀಲಿ ಅವರ ಜಾಗಕ್ಕೆ ಬಂದ ಆ್ಯಡಂ ಗಿಲ್‌ಕ್ರಿಸ್ಟ್ ಎರಡನೇ ಟೆಸ್ಟ್‌ನಲ್ಲೇ ಕ್ರಿಕೆಟ್ ಜಗತ್ತಿನ ಲೆಕ್ಕಾಚಾರ ಬದಲಿಸಿದರು. ಹೋಬಾರ್ಟ್‌ನಲ್ಲಿ ಪಾಕಿಸ್ತಾನದ ವಿರುದ್ಧ 369 ರನ್ ಬೆನ್ನಟ್ಟುತ್ತಿದ್ದ ಆಸ್ಟ್ರೇಲಿಯ 126ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಗಿಲ್‌ಕ್ರಿಸ್ಟ್ ಅಜೇಯ 149 ಹೊಡೆದು, ಜಸ್ಟಿನ್ ಲ್ಯಾಂಗರ್ ಜೊತೆ ಪಂದ್ಯ ಗೆಲ್ಲಿಸಿದರು. 96 ಟೆಸ್ಟ್, 17 ಶತಕ, 47ರ ಮೇಲಿನ ಸರಾಸರಿ, ಅದೂ 100 ಎಸೆತಕ್ಕೆ ಸುಮಾರು 82 ರನ್ ವೇಗದಲ್ಲಿ. ಏಳನೇ ಕ್ರಮಾಂಕದಲ್ಲಿ ಇಂಥವರಿದ್ದರೆ ಎದುರಾಳಿಗೆ ಉಸಿರಾಡಲು ಬಿಡುವೇ ಇಲ್ಲ.

ಅಂದಿನಿಂದ ಪ್ರತಿ ದೇಶವೂ ತನ್ನದೇ ಗಿಲ್‌ಕ್ರಿಸ್ಟ್‌ನನ್ನು ಹುಡುಕತೊಡಗಿತು. ಆ ಹುಡುಕಾಟದಲ್ಲಿ ಒಂದು ಸತ್ಯ ಹಿಂದೆ ಸರಿಯಿತು. ಗಿಲ್‌ಕ್ರಿಸ್ಟ್ ತಮ್ಮ 96 ಟೆಸ್ಟ್‌ಗಳಲ್ಲಿ 416 ಬಲಿ ಪಡೆದವರು. ಶೇನ್ ವಾರ್ನ್ ಅವರ ಲೆಗ್‌ಸ್ಪಿನ್ನಿಗೂ ಗ್ಲೆನ್ ಮೆಕ್‌ಗ್ರಾ ಅವರ ವೇಗಕ್ಕೂ ಕೀಪ್ ಮಾಡಿದವರು. ಅವರ ಬ್ಯಾಟಿಂಗ್ ಅನುಕರಿಸಲು ಹೊರಟವರು ಕೀಪಿಂಗನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಇಂಗ್ಲೆಂಡಿನ ಇತ್ತೀಚಿನ ಅನುಭವ ಇದಕ್ಕೆ ಉದಾಹರಣೆ. ಬೆನ್ ಫೋಕ್ಸ್ ಅವರ ಕೈಚಳಕವನ್ನು ಮೆಚ್ಚದವರಿಲ್ಲ. 2018ರಲ್ಲಿ ಗಾಲ್‌ನಲ್ಲಿ ಆಡಿದ ಮೊದಲ ಟೆಸ್ಟ್‌ನಲ್ಲೇ ಶತಕವನ್ನೂ ಹೊಡೆದವರು. ಆದರೂ 2023ರ ಆ್ಯಷಸ್‌ಗೆ ಅವರನ್ನು ಬಿಟ್ಟು ಜಾನಿ ಬೇಸ್ಟೊ ಕೈಗೆ ಗ್ಲೌಸ್ ಕೊಟ್ಟರು. ಎಜ್‌ಬಾಸ್ಟನ್‌ನ ಮೊದಲ ಟೆಸ್ಟ್‌ನಲ್ಲಿ ಬೇಸ್ಟೊ ಹಲವು ಅವಕಾಶ ಕೈಚೆಲ್ಲಿದರು, ಇಂಗ್ಲೆಂಡ್ 2 ವಿಕೆಟ್‌ಗಳಿಂದ ಸೋತಿತು. 2024ರ ಭಾರತ ಪ್ರವಾಸಕ್ಕೆ ಫೋಕ್ಸ್ ಮರಳಿದರು, ಸರಣಿ ಮುಗಿದ ಮೇಲೆ ಮತ್ತೆ ಹೊರಬಿದ್ದರು. ಆಮೇಲೆ ಬಂದ ಜೇಮಿ ಸ್ಮಿತ್ ತಮ್ಮ ಕೌಂಟಿ ತಂಡ ಸರ್ರೆಯಲ್ಲಿ ಫೋಕ್ಸ್ ನಂತರದ ಕೀಪರ್. 2025ರಲ್ಲಿ ಎಜ್‌ಬಾಸ್ಟನ್‌ನಲ್ಲಿ ಭಾರತದ ವಿರುದ್ಧ ಇಂಗ್ಲೆಂಡ್ 84ಕ್ಕೆ 5 ಆಗಿದ್ದಾಗ ಸ್ಮಿತ್ ಅಜೇಯ 184 ಹೊಡೆದರು. ಆಯ್ಕೆಗಾರರ ಲೆಕ್ಕ ಸರಿಯಿತ್ತು ಎಂದು ಅಂದು ಅನಿಸಿತು. ಪಂದ್ಯವನ್ನು ಮಾತ್ರ ಭಾರತವೇ 336 ರನ್‌ಗಳಿಂದ ಗೆದ್ದಿತು. ಬ್ಯಾಟಿನಿಂದಲೇ ಎಲ್ಲವೂ ಬಗೆಹರಿಯುವುದಿಲ್ಲ, ಕೈಯಿಂದಲೇ ಎಲ್ಲವೂ ಉಳಿಯುವುದಿಲ್ಲ ಎಂಬುದು ಇಂಗ್ಲೆಂಡಿನ ಪಾಠ.

ಕುಂದರನ್‌ರಿಂದ ಕಿರ್ಮಾನಿವರೆಗೆ

ಭಾರತದ ಮೊದಲ ಟೆಸ್ಟ್‌ನಲ್ಲಿ, 1932ರ ಲಾರ್ಡ್ಸ್‌ನಲ್ಲಿ, ಕೀಪ್ ಮಾಡಿದ ಜನಾರ್ದನ ನವಳೆ ಅದೇ ಪಂದ್ಯದಲ್ಲಿ ಬ್ಯಾಟಿಂಗನ್ನೂ ಆರಂಭಿಸಿದ್ದರು. ಹೀಗಾಗಿ ಕೀಪರನಿಂದ ರನ್ ನಿರೀಕ್ಷಿಸುವುದು ನಮ್ಮಲ್ಲಿ ಹೊಸದೇನಲ್ಲ.

1960ರ ದಶಕದಲ್ಲಿ ಈ ಪೈಪೋಟಿ ತೀವ್ರವಾಯಿತು. ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ ಮತ್ತು ಮುಂಬೈಯ ಫಾರೂಕ್ ಎಂಜಿನಿಯರ್, ಇಬ್ಬರೂ ದಾಂಡಿಗರು, ಇಬ್ಬರೂ ಕೀಪರುಗಳು. ರಣಜಿ ಪಂದ್ಯ ಒಂದನ್ನೂ ಆಡದೆ ಟೆಸ್ಟ್‌ಗೆ ಬಂದವರು ಕುಂದರನ್. ಆಮೇಲೆ ರೈಲ್ವೇಸ್ ಪರ ರಣಜಿಗೆ ಇಳಿದವರೇ ದ್ವಿಶತಕ ಹೊಡೆದರು. 1964ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192, ಆ ಸರಣಿಯಲ್ಲಿ ಒಟ್ಟು 525 ರನ್. ಅದೇ ವರ್ಷ ಆಸ್ಟ್ರೇಲಿಯ ಬಂದಾಗ ಗ್ಲೌಸ್ ಹೋದದ್ದು ಇಂದ್ರಜಿತ್‌ಸಿಂಹಜಿ ಅವರ ಕೈಗೆ! 525 ರನ್ನಿನ ಬೆನ್ನಿಗೇ ಸ್ಥಾನ ಕಳೆದುಕೊಂಡ ಕೀಪರ್ ಇನ್ನೆಲ್ಲಿದ್ದಾರು? 1967ರ ಜನವರಿಯಲ್ಲಿ ಎಂಜಿನಿಯರ್ ಮದ್ರಾಸಿನಲ್ಲಿ ಹಾಲ್, ಗ್ರಿಫಿತ್, ಸೋಬರ್ಸ್ ಎದುರು ಊಟದ ವಿರಾಮಕ್ಕೆ ಮೊದಲೇ 94 ಹೊಡೆದು ಜಾಗ ಗಟ್ಟಿ ಮಾಡಿಕೊಂಡರು. ಆ ವರ್ಷದ ಎಜ್‌ಬಾಸ್ಟನ್ ಟೆಸ್ಟ್‌ನಲ್ಲಿ ಇಬ್ಬರೂ ಆಡಿದರು. ಎಂಜಿನಿಯರ್ ಕೀಪರ್, ನಾಲ್ವರು ಸ್ಪಿನ್ನರುಗಳನ್ನು ಇಟ್ಟುಕೊಂಡು ಇಳಿದಿದ್ದ ತಂಡದಲ್ಲಿ ಹೊಸ ಚೆಂಡು ಹಾಕಿದ್ದು ಕುಂದರನ್. 18 ಟೆಸ್ಟ್‌ಗಳಿಗೆ ಅವರ ಆಟ ಮುಗಿಯಿತು. ಆ ಪ್ರತಿಭೆಗೆ ಭಾರತ ನ್ಯಾಯ ಸಲ್ಲಿಸಲಿಲ್ಲ ಎಂದು ಇಂದಿಗೂ ಹೇಳಬೇಕಾಗಿದೆ.

ಸಯ್ಯದ್ ಕಿರ್ಮಾನಿ ಅವರ ದಾರಿ ಇದಕ್ಕೆ ವಿರುದ್ಧ. 1971 ಮತ್ತು 1974ರ ಇಂಗ್ಲೆಂಡ್ ಪ್ರವಾಸಗಳಲ್ಲಿ ಅವರು ಎಂಜಿನಿಯರ್ ನೆರಳಿನಲ್ಲಿ ಮೀಸಲು ಕೀಪರ್ ಆಗಿದ್ದರು. ಇತ್ತ ರಾಜ್ಯ ತಂಡದಲ್ಲಿ ಪ್ರಸನ್ನ ಮತ್ತು ಚಂದ್ರಶೇಖರ್ ಅವರ ಬೌಲಿಂಗಿಗೆ ಕೀಪ್ ಮಾಡುತ್ತಿದ್ದರು. ಚಂದ್ರ ಅವರ ಎಸೆತಕ್ಕೆ ಮಧ್ಯಮ ವೇಗಿಯ ರಭಸ. ಗೂಗ್ಲಿ ಯಾವುದು, ಲೆಗ್‌ಬ್ರೇಕ್ ಯಾವುದು ಎಂದು ಬ್ಯಾಟರನಿಗೂ ತಿಳಿಯುತ್ತಿರಲಿಲ್ಲ. ಪ್ರಸನ್ನ ಅವರ ಚೆಂಡು ಗಾಳಿಯಲ್ಲಿ ತೇಲಿ, ತಲುಪಬೇಕಾದ ಜಾಗಕ್ಕಿಂತ ಮೊದಲೇ ಇಳಿಯುತ್ತಿತ್ತು. ಇವರಿಬ್ಬರನ್ನೂ ದಿನವಿಡೀ ಹಿಡಿಯುವುದೇ ಒಂದು ವಿದ್ಯಾಭ್ಯಾಸ. 1976ರ ಜನವರಿಯಲ್ಲಿ ಆಕ್ಲೆಂಡ್‌ನಲ್ಲಿ ಕಿರ್ಮಾನಿ ಟೆಸ್ಟ್‌ಗೆ ಇಳಿದಾಗ ಮೊದಲ ಇನಿಂಗ್ಸಿನಲ್ಲಿ ಚಂದ್ರ 6 ವಿಕೆಟ್, ಎರಡನೆಯದರಲ್ಲಿ ಪ್ರಸನ್ನ 76 ರನ್ನಿಗೆ 8 ವಿಕೆಟ್ ಕಿತ್ತರು. ಸ್ಟಂಪಿನ ಹಿಂದೆ ಇದ್ದದ್ದು ಇವರಿಬ್ಬರ ಕೈ ಬಲ್ಲ ಕೀಪರ್. ಮುಂದಿನ ಟೆಸ್ಟ್‌ನಲ್ಲೇ, ಕ್ರೈಸ್ಟ್‌ಚರ್ಚ್‌ನಲ್ಲಿ, ಇನಿಂಗ್ಸ್ ಒಂದರಲ್ಲಿ 6 ಬಲಿ ಪಡೆದು ಆಗಿನ ವಿಶ್ವದಾಖಲೆ ಸರಿಗಟ್ಟಿದರು.

ಅವರಿಗೂ ಆಯ್ಕೆಗಾರರ ಪೆಟ್ಟು ತಪ್ಪಲಿಲ್ಲ. 1979ರಲ್ಲಿ ವಿಶ್ವಕಪ್‌ಗೂ ಇಂಗ್ಲೆಂಡ್ ಪ್ರವಾಸಕ್ಕೂ ಅವರನ್ನು ಬಿಟ್ಟು ಭರತ್ ರೆಡ್ಡಿ ಅವರನ್ನು ಕರೆದೊಯ್ದರು. ಮರಳಿ ಬಂದ ಕಿರ್ಮಾನಿ ಅದೇ ವರ್ಷ ಬೊಂಬಾಯಿಯಲ್ಲಿ ಆಸ್ಟ್ರೇಲಿಯ ವಿರುದ್ಧ ರಾತ್ರಿ ಕಾವಲುಗಾರನಾಗಿ ಇಳಿದು ಅಜೇಯ 101 ಹೊಡೆದರು. 88 ಟೆಸ್ಟ್, 198 ಬಲಿ, 2 ಶತಕ, 2759 ರನ್. ಅವರ ಬ್ಯಾಟಿಂಗ್ ಗಿಲ್‌ಕ್ರಿಸ್ಟ್ ಮಟ್ಟದ್ದಲ್ಲ. ಆದರೆ ಕೆಳ ಕ್ರಮಾಂಕದಲ್ಲಿ ನಿಂತು ಆಡುವ ಛಲ ಇತ್ತು, ಮತ್ತು ಆ ಕಾಲದ ಭಾರತಕ್ಕೆ ಬೇಕಾಗಿದ್ದದ್ದು ಅದೇ. ಕೀಪರ್ ಹೇಗೆ ತಯಾರಾಗುತ್ತಾನೆ ಎಂದು ಕೇಳುವವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ದೃಷ್ಟಾಂತ ಭಾರತದಲ್ಲಿಲ್ಲ.

ಆರು ವರ್ಷ, ಒಂಬತ್ತು ಮಂದಿ

ಕಿರ್ಮಾನಿ ನಂತರ ಮೋರೆ, ಮೋರೆ ನಂತರ ನಯನ್ ಮೊಂಗಿಯಾ. ಮೊಂಗಿಯಾ 1996ರಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯ ವಿರುದ್ಧ ಇನಿಂಗ್ಸ್ ಆರಂಭಿಸಿ 152 ಹೊಡೆದವರು. ಅದೇ ಅಂಗಳದಲ್ಲಿ 1999ರಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತಾಗ ಸ್ಟಂಪಿನ ಹಿಂದೆ ಇದ್ದವರೂ ಅವರೇ. ಆ ಹತ್ತರಲ್ಲಿ ಮೊದಲನೆಯದು ಅವರ ಕ್ಯಾಚ್. ಕುಂಬ್ಳೆಗೆ ಕೀಪ್ ಮಾಡುವುದು ಎಷ್ಟು ಕಠಿಣ ಎಂಬುದನ್ನು 2000ದ ಏಷ್ಯಾ ಕಪ್‌ನಲ್ಲಿ ಸಬಾ ಕರೀಂ ಕಣ್ಣಿಗೆ ಬಿದ್ದ ಪೆಟ್ಟು ನೆನಪಿಸುತ್ತದೆ.

1999ರ ಕೊನೆಯಿಂದ 2005ರ ಕೊನೆಯವರೆಗೆ ಭಾರತ ಟೆಸ್ಟ್‌ಗಳಲ್ಲಿ ಪ್ರಯತ್ನಿಸಿದ ಕೀಪರುಗಳ ಪಟ್ಟಿ ನೋಡಿ: ಎಂ.ಎಸ್.ಕೆ. ಪ್ರಸಾದ್, ಮೊಂಗಿಯಾ, ವಿಜಯ್ ದಹಿಯಾ, ಸಬಾ ಕರೀಂ, ಸಮೀರ್ ದಿಘೆ, ದೀಪ್ ದಾಸ್‌ಗುಪ್ತಾ, ಅಜಯ್ ರಾತ್ರಾ, ಪಾರ್ಥಿವ್ ಪಟೇಲ್, ದಿನೇಶ್ ಕಾರ್ತಿಕ್. ಇವರಲ್ಲಿ ಯಾರೂ ಅಪ್ರಯೋಜಕರಲ್ಲ. 2001ರ ಚೆನ್ನೈ ಟೆಸ್ಟ್‌ನಲ್ಲಿ ಸ್ಟೀವ್ ವಾ ಅವರ ಆಸ್ಟ್ರೇಲಿಯವನ್ನು ಸೋಲಿಸಿದ ಕೊನೆಯ ಗಳಿಗೆಯಲ್ಲಿ ಅಜೇಯ 22 ರನ್‌ಗಳೊಂದಿಗೆ ಕ್ರೀಸಿನಲ್ಲಿದ್ದವರು ದಿಘೆ. ದಾಸ್‌ಗುಪ್ತಾ ಮೊಹಾಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಆರಂಭ ಆಟಗಾರನಾಗಿ ಶತಕ ಹೊಡೆದರು. ರಾತ್ರಾ 20ನೇ ವಯಸ್ಸಿಗೆ ಆ್ಯಂಟಿಗಾದಲ್ಲಿ ಅಜೇಯ 115 ಗಳಿಸಿದರು. ಪಾರ್ಥಿವ್ 17ನೇ ವಯಸ್ಸಿನಲ್ಲಿ ಟ್ರೆಂಟ್‌ಬ್ರಿಜ್‌ನಲ್ಲಿ ಸೋಲಿನ ಅಂಚಿನಲ್ಲಿದ್ದ ಪಂದ್ಯವನ್ನು ಉಳಿಸಲು ನೆರವಾದರು. ಆದರೂ ರಾತ್ರಾ, ದಿಘೆ ತಲಾ 6 ಟೆಸ್ಟ್‌ಗೆ, ದಾಸ್‌ಗುಪ್ತಾ 8ಕ್ಕೆ ನಿಂತುಹೋದರು. ಗಾಯವೋ, ಬಿಟ್ಟ ಕ್ಯಾಚೋ, ರನ್ ಬರದ ಒಂದು ಸರಣಿಯೋ, ಏನಾದರೊಂದು ನೆಪ ಸಿಗುತ್ತಿತ್ತು.

ಏಕದಿನ ತಂಡದಲ್ಲಿ ಇದೇ ಹೊತ್ತಿಗೆ ರಾಹುಲ್ ದ್ರಾವಿಡ್ ಕೈಗೆ ಗ್ಲೌಸ್ ಕೊಟ್ಟು ಹೆಚ್ಚುವರಿ ಬ್ಯಾಟರನಿಗೆ ಜಾಗ ಮಾಡಿದರು. 2003ರ ವಿಶ್ವಕಪ್ ಫೈನಲ್‌ನಲ್ಲೂ ಅದೇ ಏರ್ಪಾಡು ಇತ್ತು. ತಂಡಕ್ಕಾಗಿ ದ್ರಾವಿಡ್ ಹೊತ್ತ ಹೊರೆ ಅದು. ಆದರೆ 50 ಓವರುಗಳಿಗೆ ಸಾಕಾಗುವ ಏರ್ಪಾಡು ಐದು ದಿನದ ಆಟಕ್ಕೆ ಸಾಕಾಗುವುದಿಲ್ಲ.

2005ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಮಹೇಂದ್ರ ಸಿಂಗ್ ದೋನಿ ಟೆಸ್ಟ್ ಟೋಪಿ ಧರಿಸಿದಾಗ ಆಯ್ಕೆ ಸಮಿತಿಯ ಅಧ್ಯಕ್ಷರಾಗಿದ್ದವರು ಕಿರಣ್ ಮೋರೆ. ದೋನಿಯ ಕೀಪಿಂಗ್ ಪುಸ್ತಕದಂತಿರಲಿಲ್ಲ. ಚೆಂಡು ಹಿಡಿದ ಮೇಲೆ ಕೈ ಹಿಂದಕ್ಕೆ ಎಳೆಯದೆ ನೇರವಾಗಿ ಬೇಲ್ಸ್ ಹಾರಿಸುವ ಅವರ ಸ್ಟಂಪಿಂಗ್ ಅವರದೇ ಕಲೆ. 90 ಟೆಸ್ಟ್, 294 ಬಲಿ, 6 ಶತಕ, 4876 ರನ್. ಒಂಬತ್ತು ವರ್ಷ ಭಾರತ ಈ ಪ್ರಶ್ನೆಯನ್ನು ಕೇಳಿಕೊಳ್ಳಲೇ ಇಲ್ಲ. ದೋನಿ ಪ್ರತಿಭೆ ದೊಡ್ಡದು, ನಿಜ. ಜೊತೆಗೆ ಅವರಿಗಿಂತ ಮೊದಲಿನವರಿಗೆ ಸಿಗದ ಒಂದು ಸವಲತ್ತು ಅವರಿಗೆ ಸಿಕ್ಕಿತು: ಮುಂದಿನ ಟೆಸ್ಟ್‌ನಲ್ಲೂ ನಾನೇ ಕೀಪರ್ ಎಂಬ ನಿಶ್ಚಿಂತೆ.

ಸಹಾ ಮತ್ತು ಪಂತ್

2014ರ ಡಿಸೆಂಬರಿನಲ್ಲಿ ಮೆಲ್ಬರ್ನ್ ಟೆಸ್ಟ್ ಮುಗಿಸಿ ದೋನಿ ನಿವೃತ್ತರಾದ ಮೇಲೆ ವೃದ್ಧಿಮಾನ್ ಸಹಾ ಸರದಿ. 2017ರಲ್ಲಿ ಪುಣೆಯಲ್ಲಿ ಸ್ಟೀವ್ ಓಕೀಫ್ ಅವರ ಕ್ಯಾಚ್ ಹಿಡಿಯಲು ಅವರು ಗಾಳಿಯಲ್ಲಿ ಹಾರಿದ್ದನ್ನು ಕಂಡವರು ಮರೆಯಲಾರರು. 2018ರ ಜನವರಿಯಲ್ಲಿ ಕೇಪ್‌ಟೌನ್‌ನಲ್ಲಿ ಒಂದೇ ಟೆಸ್ಟ್‌ನಲ್ಲಿ 10 ಕ್ಯಾಚ್. ಬ್ಯಾಟಿನಿಂದ 3 ಶತಕ. ಭುಜದ ಗಾಯ ಅವರನ್ನು ಹೊರಗೆ ಕೂರಿಸಿದಾಗ ರಿಷಭ್ ಪಂತ್ ಬಂದರು. ಟ್ರೆಂಟ್‌ಬ್ರಿಜ್‌ನಲ್ಲಿ ಸಿಕ್ಸರ್ ಮೂಲಕ ಖಾತೆ ತೆರೆದ ಪಂತ್ ದಿ ಓವಲ್‌ನಲ್ಲಿ 114, ಸಿಡ್ನಿಯಲ್ಲಿ ಅಜೇಯ 159 ಹೊಡೆದರು. ಅಡಿಲೇಡ್‌ನಲ್ಲಿ 11 ಕ್ಯಾಚ್ ಹಿಡಿದು ವಿಶ್ವದಾಖಲೆ ಸರಿಗಟ್ಟಿದರು.

ಆಗ ತಂಡ ಒಂದು ಸೂತ್ರ ಹಿಡಿಯಿತು. ಚೆಂಡು ತಿರುಗುವ ತಾಯ್ನಾಡಿನಲ್ಲಿ ಸಹಾ, ಹೊರಗೆ ಪಂತ್. 2019ರ ಸ್ವದೇಶದ ಸರಣಿಗಳಲ್ಲಿ ಸಹಾ, 2020ರ ನ್ಯೂಜಿಲೆಂಡ್‌ನಲ್ಲಿ ಪಂತ್. ಕೇಳಲು ತರ್ಕಬದ್ಧವಾದ ಈ ಸೂತ್ರವನ್ನು ತಂಡವೇ ಪಾಲಿಸಲಿಲ್ಲ. 2020ರ ಡಿಸೆಂಬರಿನಲ್ಲಿ ಅಡಿಲೇಡ್‌ನಲ್ಲಿ ಸಹಾ ಆಡಿದರು. ಭಾರತ 36ಕ್ಕೆ ಕುಸಿದ ಮೇಲೆ ಮೆಲ್ಬರ್ನ್‌ಗೆ ಪಂತ್ ಬಂದರು. ಸಿಡ್ನಿಯ 97, ಬ್ರಿಸ್ಬೇನ್‌ನಲ್ಲಿ 328 ಬೆನ್ನಟ್ಟಿ ಗೆದ್ದ ಅಜೇಯ 89, ಎರಡು ತಿಂಗಳೊಳಗೆ ಅಹಮದಾಬಾದ್‌ನಲ್ಲಿ 146ಕ್ಕೆ 6 ಆಗಿದ್ದ ತಂಡವನ್ನು ಎತ್ತಿದ 101. ಇಂಗ್ಲೆಂಡ್ ವಿರುದ್ಧದ ಆ ಸ್ವದೇಶದ ಸರಣಿಯಲ್ಲಿ, ಅಶ್ವಿನ್ ಮತ್ತು ಅಕ್ಷರ್ ಚೆಂಡು ಬುಗುರಿಯಂತೆ ತಿರುಗುತ್ತಿದ್ದ ಪಿಚ್‌ಗಳಲ್ಲಿ, ಪಂತ್ ಕೀಪಿಂಗ್ ಕೂಡ ಸುಧಾರಿಸಿತು. ಜಾಗ ಖಚಿತವಾದ ಮೇಲೆ ಕೈಯೂ ಬಲಿಯಿತು.

ಸಹಾಗೆ ಅನ್ಯಾಯವಾಯಿತೆ? ಕೀಪಿಂಗ್ ಒಂದನ್ನೇ ನೋಡಿದರೆ ಹೌದು ಎನ್ನಬೇಕು. ಆದರೆ ಪಂತ್ ಆಯ್ಕೆ ತಪ್ಪಲ್ಲ. ಟೆಸ್ಟ್‌ನಲ್ಲಿ ಭಾರತದ ಕೀಪರ್ ಒಬ್ಬರು ಹೊಡೆದ ಅತಿ ಹೆಚ್ಚು ಶತಕ ಈಗ ಅವರವೇ. 2025ರ ಜೂನ್‌ನಲ್ಲಿ ಹೆಡಿಂಗ್ಲಿಯಲ್ಲಿ 134 ಮತ್ತು 118 ಹೊಡೆದು, ಜಿಂಬಾಬ್ವೆಯ ಆ್ಯಂಡಿ ಫ್ಲವರ್ ನಂತರ ಒಂದೇ ಟೆಸ್ಟ್‌ನ ಎರಡೂ ಇನಿಂಗ್ಸ್‌ಗಳಲ್ಲಿ ಶತಕ ಹೊಡೆದ ಎರಡನೇ ಕೀಪರ್ ಎನಿಸಿದರು. ಬೇಕಾದ ಮಟ್ಟವನ್ನು ಅವರ ಕೈಗಳು ಮುಟ್ಟಿದ ಮೇಲೆ ಬ್ಯಾಟು ಮಾತಾಡಿತು. ನಾಟ್ ಮತ್ತು ಟೇಲರ್ ಕಥೆಯ ತೀರ್ಮಾನವೇ ಇಲ್ಲೂ ಸರಿ.

ಬ್ಯಾಟರ್ ಕೈಗೆ ಗ್ಲೌಸ್

ಇನ್ನೊಂದು ದಾರಿಯೂ ಇದೆ: ತಂಡದ ಒಳ್ಳೆಯ ಬ್ಯಾಟರನಿಗೇ ಗ್ಲೌಸ್ ಕೊಡುವುದು. ಇದರ ಬೆಲೆ ಏನೆಂದು ಕುಮಾರ ಸಂಗಕ್ಕಾರ ಅವರ ಅಂಕಿಗಳು ಹೇಳುತ್ತವೆ. ಕೀಪರ್ ಆಗಿ ಆಡಿದ 48 ಟೆಸ್ಟ್‌ಗಳಲ್ಲಿ ಅವರ ಸರಾಸರಿ 40ರ ಆಸುಪಾಸು. ಗ್ಲೌಸ್ ಬಿಟ್ಟು ಆಡಿದ 86 ಟೆಸ್ಟ್‌ಗಳಲ್ಲಿ 66ಕ್ಕೂ ಹೆಚ್ಚು. ಇಂಗ್ಲೆಂಡಿನ ಅಲೆಕ್ ಸ್ಟೀವರ್ಟ್ ಕೀಪರ್ ಆಗಿ ಸುಮಾರು 35, ಬರೀ ಬ್ಯಾಟರ್ ಆಗಿ 46ರ ಮೇಲೆ. ಆ್ಯಂಡಿ ಫ್ಲವರ್ ಮಾತ್ರ ಗ್ಲೌಸ್ ಧರಿಸಿಯೂ 50ರ ಮೇಲೆ ಸರಾಸರಿ ಉಳಿಸಿಕೊಂಡರು. ಅಂಥವರು ವಿರಳ.

ಕೆ.ಎಲ್. ರಾಹುಲ್ 2023ರ ಡಿಸೆಂಬರಿನಲ್ಲಿ ಸೆಂಚುರಿಯನ್‌ನಲ್ಲಿ ಕೀಪರ್ ಆಗಿ ಇಳಿದು 101 ಹೊಡೆದದ್ದು ನಮಗೆಲ್ಲ ಹೆಮ್ಮೆಯ ವಿಷಯ. ವೇಗಿಗಳೇ ಬಹುಪಾಲು ಬೌಲ್ ಮಾಡುವ ದಕ್ಷಿಣ ಆಫ್ರಿಕಾದಲ್ಲಿ ಆ ಏರ್ಪಾಡು ನಡೆಯಿತು. ಮರುತಿಂಗಳು ಇಂಗ್ಲೆಂಡ್ ಭಾರತಕ್ಕೆ ಬಂದಾಗ ಗ್ಲೌಸ್ ತೊಟ್ಟವರು ಕೆ.ಎಸ್. ಭರತ್. ಅದು ಸರಿಯಾದ ನಿರ್ಧಾರ. 150 ಓವರ್ ಕೀಪ್ ಮಾಡಿ ಬಂದವನನ್ನು ಹೊಸ ಚೆಂಡಿನ ಎದುರಿಗೆ ಕಳಿಸುವುದು ತಂಡಕ್ಕೂ ಆಟಗಾರನಿಗೂ ನಷ್ಟ.

ಎರಡನೇ ಕೀಪರ್

2022ರ ಡಿಸೆಂಬರ್ 30ರಂದು ಪಂತ್ ರಸ್ತೆ ಅಪಘಾತದಲ್ಲಿ ಗಾಯಗೊಂಡಾಗ ಹಳೆಯ ಕಥೆ ಮರುಕಳಿಸಿತು. ಅವರು 2024ರ ಸೆಪ್ಟೆಂಬರಿನಲ್ಲಿ ಟೆಸ್ಟ್‌ಗೆ ಮರಳುವ ತನಕ ಭರತ್, ಇಶಾನ್ ಕಿಶನ್, ರಾಹುಲ್, ಧ್ರುವ ಜುರೆಲ್ ಹೀಗೆ ನಾಲ್ವರು ಗ್ಲೌಸ್ ತೊಟ್ಟರು. ಭರತ್ ಅವರದು ಒಳ್ಳೆಯ ಕೈ. 7 ಟೆಸ್ಟ್‌ಗಳಲ್ಲಿ 221 ರನ್ ಮಾತ್ರ ಬಂದದ್ದು ಅವರಿಗೆ ಮುಳುವಾಯಿತು. 2024ರ ರಾಂಚಿಯಲ್ಲಿ 177ಕ್ಕೆ 7 ಆಗಿದ್ದಾಗ 90, ಬೆನ್ನಟ್ಟುವಾಗ ಅಜೇಯ 39 ಹೊಡೆದ ಜುರೆಲ್ ಸರಿಯಾದ ಉತ್ತರ ಎನಿಸಿದರು.

ಎರಡನೇ ಕೀಪರ್ ಎಷ್ಟು ಮುಖ್ಯ ಎಂಬುದನ್ನು 2025ರ ಜುಲೈನ ಲಾರ್ಡ್ಸ್ ಟೆಸ್ಟ್ ಹೇಳಿತು. ಮೊದಲ ದಿನವೇ ಪಂತ್ ಬೆರಳಿಗೆ ಪೆಟ್ಟಾಯಿತು. 2017ರ ಹೊಸ ನಿಯಮಗಳಿಂದಾಗಿ ಅಂಪೈರ್ ಒಪ್ಪಿಗೆಯೊಂದಿಗೆ ಬದಲಿ ಆಟಗಾರನೂ ಕೀಪ್ ಮಾಡಬಹುದು, ಜುರೆಲ್ ಇಳಿದರು. ಇಂಗ್ಲೆಂಡಿನ ಎರಡನೇ ಇನಿಂಗ್ಸಿನಲ್ಲಿ ಬೈ ರೂಪದಲ್ಲೇ 20ಕ್ಕೂ ಹೆಚ್ಚು ರನ್ ಹೋಯಿತು. ಭಾರತ ಸೋತದ್ದು 22 ರನ್‌ಗಳಿಂದ. ತಪ್ಪು ಜುರೆಲ್‌ರದ್ದು ಎನ್ನುವುದು ಅನ್ಯಾಯ. ಬ್ಯಾಟು ದಾಟಿದ ಮೇಲೂ ತೂರಾಡುವ ಚೆಂಡಿಗೆ, ಇಳಿಜಾರಿನ ಅಂಗಳದಲ್ಲಿ, ಏಕಾಏಕಿ ಕೀಪ್ ಮಾಡಲು ಬಂದವರು ಅವರು. ಅದೇ ಅಕ್ಟೋಬರಿನಲ್ಲಿ ಅಹಮದಾಬಾದ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ 125 ಹೊಡೆದು ತಮ್ಮ ಯೋಗ್ಯತೆ ತೋರಿಸಿದರು. ಲಾರ್ಡ್ಸ್ ಹೇಳುವುದು ಇಷ್ಟೆ: ಎರಡನೇ ಕೀಪರ್ ಪ್ರವಾಸದ ಪಟ್ಟಿಯಲ್ಲಿ ಬರೀ ಒಂದು ಹೆಸರಾಗಿ ಉಳಿಯಬಾರದು.

ಹಾಗಾದರೆ ಆಯ್ಕೆ ಹೇಗೆ?

ಈ ಚರಿತ್ರೆಯನ್ನೆಲ್ಲ ಒಟ್ಟು ನೋಡಿದರೆ ದಾರಿ ಸ್ಪಷ್ಟವಾಗಿದೆ. ಕೀಪಿಂಗ್‌ಗೆ ಒಂದು ಕನಿಷ್ಠ ಮಟ್ಟ ಗೊತ್ತು ಮಾಡಬೇಕು. ಅದನ್ನು ಮುಟ್ಟದವನ ಬ್ಯಾಟಿಂಗ್ ಸರಾಸರಿ ಎಷ್ಟೇ ಇದ್ದರೂ ಅವನ ಹೆಸರು ಚರ್ಚೆಗೆ ಬರಬಾರದು. ಭಾರತದಲ್ಲಿ ಆ ಮಟ್ಟವನ್ನು ಅಳೆಯಬೇಕಾದದ್ದು ತಿರುಗುವ ಪಿಚ್‌ನಲ್ಲಿ, ಸ್ಟಂಪಿಗೆ ಹತ್ತಿರ ನಿಂತಾಗ. ಆ ಮಟ್ಟ ಮುಟ್ಟಿದವರ ನಡುವೆ ಬ್ಯಾಟು ತೀರ್ಮಾನ ಮಾಡಲಿ. ತೀರ್ಮಾನವಾದ ಮೇಲೆ ಒಂದು ಸ್ವದೇಶದ ಸರಣಿ, ಒಂದು ವಿದೇಶ ಪ್ರವಾಸ ಮುಗಿಯುವ ತನಕ ಬದಲಾವಣೆಯ ಮಾತು ಬೇಡ. ಒಂಬತ್ತು ಮಂದಿಯನ್ನು ಪ್ರಯತ್ನಿಸಿದ ಆರು ವರ್ಷಗಳು ನಮಗೆ ಕೀಪರನನ್ನು ಕೊಡಲಿಲ್ಲ. ಒಬ್ಬನನ್ನು ನಂಬಿದ ಒಂಬತ್ತು ವರ್ಷಗಳು ಕೊಟ್ಟವು.

ಇದು ಸಾಧ್ಯವಾಗಬೇಕಾದರೆ ದೇಶಿ ಕ್ರಿಕೆಟಿನಲ್ಲಿ ಲೆಕ್ಕ ಇಡುವ ಕ್ರಮ ಬದಲಾಗಬೇಕು. ಸ್ಕೋರ್ ಪಟ್ಟಿಯಲ್ಲಿ ಕೀಪರ್ ಹಿಡಿದ ಕ್ಯಾಚ್ ಇದೆ, ಬಿಟ್ಟುಕೊಟ್ಟ ಬೈ ಇದೆ. ಕೈತಪ್ಪಿದ ಕ್ಯಾಚ್ ಮತ್ತು ಸ್ಟಂಪಿಂಗ್ ಇಲ್ಲ. ರಣಜಿಯ ಪ್ರತಿ ಪಂದ್ಯದಲ್ಲೂ ಕೀಪರನಿಗೆ ಬಂದ ಅವಕಾಶ ಎಷ್ಟು, ಹಿಡಿದದ್ದು ಎಷ್ಟು, ಯಾವ ಬೌಲರಿಗೆ, ಯಾವ ಪಿಚ್‌ನಲ್ಲಿ ಎಂದು ಬರೆದಿಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಕರ್ನಾಟಕಕ್ಕೆ ವರ್ಷಗಟ್ಟಲೆ ಕೀಪ್ ಮಾಡಿದ ತಿಲಕ್ ನಾಯ್ಡು ಅವರಂಥವರು ಭಾರತದ ಟೋಪಿ ಕಾಣದೆ ಆಟ ಮುಗಿಸಿದರು. ಅಂಥವರ ಕೈಗಳ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ.

ಕಿರ್ಮಾನಿ, ಮೋರೆ, ಎಂ.ಎಸ್.ಕೆ. ಪ್ರಸಾದ್ ಹೀಗೆ ಮೂವರು ಕೀಪರುಗಳು ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷ ಸ್ಥಾನದಲ್ಲಿ ಕೂತಿದ್ದಾರೆ. ಈ ಕೆಲಸದ ಕಷ್ಟ ಬಲ್ಲವರು ನಮ್ಮಲ್ಲಿ ಕಡಿಮೆಯಿಲ್ಲ. ಕ್ರಿಕೆಟ್ ಮಂಡಳಿಯೂ ರಾಜ್ಯ ಸಂಸ್ಥೆಗಳೂ ಅವರ ಅನುಭವ ಬಳಸಿಕೊಂಡು, ಕೀಪಿಂಗನ್ನು ಅಳೆಯುವ ಕ್ರಮವನ್ನು ಮುಂದಿನ ರಣಜಿ ಋತುವಿನಿಂದಲೇ ಆರಂಭಿಸಬೇಕು.